ಒಂದು ಮೈಲಿ ಕಾಂಕ್ರೀಟ್

1912ರ ಅಮೆರಿಕದಲ್ಲಿ ಕಾರು ಕೊಳ್ಳೋದಕ್ಕೆ ದುಡ್ಡಿದ್ದರೆ ಸಾಕಿತ್ತು. ಅದನ್ನು ಪಕ್ಕದ ಊರಿನ ತನಕ ಓಡಿಸೋದಕ್ಕೆ ಮಾತ್ರ ಮಳೆರಾಯನ ಅಪ್ಪಣೆ ಬೇಕಿತ್ತು. ದೇಶದಲ್ಲಿ ಆಗಲೇ ಹತ್ತಿರಹತ್ತಿರ ಹತ್ತು ಲಕ್ಷ ಮೋಟಾರು ವಾಹನಗಳಿದ್ದವು. ಹಳ್ಳಿಗಾಡಿನ ರಸ್ತೆ ಅಂತ ಸರ್ಕಾರದ ಲೆಕ್ಕದಲ್ಲಿ ಇದ್ದದ್ದು 20 ಲಕ್ಷ ಮೈಲಿಗೂ ಹೆಚ್ಚು. ಅದರಲ್ಲಿ ಜಲ್ಲಿಯ ಮುಖವನ್ನಾದರೂ ಕಂಡಿದ್ದು ನೂರಕ್ಕೆ ಒಂಬತ್ತು ಮೈಲಿಯಷ್ಟೂ ಇಲ್ಲ. ಮಿಕ್ಕಿದ್ದೆಲ್ಲ ಮಣ್ಣು. ಒಣಗಿದ್ದಾಗ ಧೂಳು, ಮಳೆ ಬಿದ್ದರೆ ಅಚ್ಚು ಮುಳುಗುವಷ್ಟು ಕೆಸರು. ಜೊತೆಗೆ ಆ ರಸ್ತೆಗಳು ದೂರದ ಊರುಗಳನ್ನು ಕೂಡಿಸುತ್ತಲೂ ಇರಲಿಲ್ಲ. ಹೊಲದಿಂದ ಹೊರಟು ಪೇಟೆಗೋ ರೈಲ್ವೆ ಸ್ಟೇಷನ್ನಿಗೋ ಬಂದು ನಿಂತುಬಿಡುತ್ತಿದ್ದವು. ದೂರ ಹೋಗೋರಿಗೆ ರೈಲಿತ್ತಲ್ಲ, ಒಂದು ಕರಾವಳಿಯಿಂದ ಇನ್ನೊಂದಕ್ಕೆ 1869ರಿಂದಲೇ ರೈಲು ಓಡುತ್ತಿತ್ತು. ರಸ್ತೆ ಯಾಕೆ ಬೇಕು?

ಪ್ಯಾಕಾರ್ಡ್ ಅನ್ನೋದು ಆಗಿನ ಸಿರಿವಂತರ ಕಾರು. ಆ ಕಂಪನಿಯ ಅಧ್ಯಕ್ಷ ಹೆನ್ರಿ ಜಾಯ್ ಒಂದು ಸಲ ತನ್ನದೇ ಕಾರಿನಲ್ಲಿ ಪಶ್ಚಿಮಕ್ಕೆ ಹೊರಟು ನೆಬ್ರಾಸ್ಕದ ಒಮಾಹಾ ಮುಟ್ಟಿದ. ಅಲ್ಲಿದ್ದ ತನ್ನ ಡೀಲರನ್ನು ಮುಂದಕ್ಕೆ ದಾರಿ ಯಾವುದಪ್ಪಾ ಅಂತ ಕೇಳಿದರೆ, ಅಂಥದ್ದೇನೂ ಇಲ್ಲ ಅನ್ನೋ ಉತ್ತರ ಬಂತು. ಡೀಲರು ಊರಾಚೆ ಕರೆದುಕೊಂಡು ಹೋಗಿ ಒಂದು ತಂತಿ ಬೇಲಿ ತೋರಿಸಿದ. ಇದನ್ನು ಬಿಚ್ಚಿ ಮುಂದಕ್ಕೆ ಹೋಗಿ, ಇನ್ನೊಂದು ಬೇಲಿ ಸಿಗುತ್ತೆ, ಅದನ್ನೂ ಬಿಚ್ಚಿ ಹೋಗಿ ಅಂದ. ಇನ್ನಷ್ಟು ದೂರ ಹೋದ ಮೇಲೆ ಬೇಲಿಗಳೂ ಮುಗಿದವು. ಹುಲ್ಲುಗಾವಲಿನ ನಡುವೆ ಎರಡು ಚಕ್ರದ ಜಾಡು, ಅಷ್ಟೇ. ಕಾರು ಮಾಡಿ ಮಾರುವ ಕಂಪನಿಯ ಯಜಮಾನನ ಪಾಡೇ ಇದು.

ಹಾಗಂತ ಯಾರೂ ಹೋಗಿರಲಿಲ್ಲ ಅಂತಲ್ಲ. 1903ರಲ್ಲಿ ಹೊರೇಷಿಯೊ ನೆಲ್ಸನ್ ಜಾಕ್ಸನ್ ಅನ್ನೋ ಡಾಕ್ಟರು 50 ಡಾಲರ್ ಪಂಥ ಕಟ್ಟಿ, ಒಬ್ಬ ಮೆಕ್ಯಾನಿಕ್ಕನ್ನು ಕರೆದುಕೊಂಡು, ದಾರಿಯಲ್ಲಿ ಸಿಕ್ಕ ಒಂದು ನಾಯಿಯನ್ನೂ ಕೂರಿಸಿಕೊಂಡು ಸ್ಯಾನ್ ಫ್ರಾನ್ಸಿಸ್ಕೊದಿಂದ ನ್ಯೂಯಾರ್ಕಿಗೆ 63 ದಿನದಲ್ಲಿ ಹೋಗಿದ್ದ. 1909ರಲ್ಲಿ 22 ವರ್ಷದ ಆಲಿಸ್ ರಾಮ್ಸೆ ಎದುರು ದಿಕ್ಕಿನಲ್ಲಿ 59 ದಿನದಲ್ಲಿ ದೇಶ ದಾಟಿದಳು. ಜೊತೆಗಿದ್ದ ಮೂವರು ಹೆಂಗಸರಲ್ಲಿ ಒಬ್ಬರಿಗೂ ಡ್ರೈವಿಂಗ್ ಬರುತ್ತಿರಲಿಲ್ಲ, ಸ್ಟಿಯರಿಂಗ್ ಹಿಡಿದದ್ದು, ಟೈರ್ ಬದಲಿಸಿದ್ದು ಎಲ್ಲ ಆಕೆಯೇ. ಪತ್ರಿಕೆಗಳಿಗೆ ಇವು ಒಳ್ಳೆಯ ಸುದ್ದಿಯಾಗಿದ್ದವು. ಆದರೆ ದೇಶ ದಾಟೋದು ಪತ್ರಿಕೆಗೆ ಸುದ್ದಿಯಾಗುವ ತನಕ ಅದು ಸಾಮಾನ್ಯರ ಬಳಕೆಗೆ ಬಂದಿಲ್ಲ ಅಂತಲೇ ಅರ್ಥ.

ಇದನ್ನು ಬದಲಾಯಿಸಬೇಕು ಅಂತ ಹೊರಟವನು ಇಂಡಿಯಾನಾಪೊಲಿಸ್‌ನ ಕಾರ್ಲ್ ಫಿಶರ್. ಹನ್ನೆರಡನೇ ವಯಸ್ಸಿಗೇ ಸ್ಕೂಲು ಬಿಟ್ಟವನು, ಸೈಕಲ್ ಅಂಗಡಿಯಿಂದ ಶುರುಮಾಡಿದವನು. ಕಾರಿನ ಹೆಡ್‌ಲೈಟಿಗೆ ಅಸಿಟಿಲೀನ್ ಗ್ಯಾಸ್ ತುಂಬಿಕೊಡುವ ಪ್ರೆಸ್ಟ್-ಒ-ಲೈಟ್ ಕಂಪನಿಯಲ್ಲಿ ಸಿಕ್ಕಾಪಟ್ಟೆ ದುಡ್ಡು ಮಾಡಿದ್ದ. ಇಂಡಿಯಾನಾಪೊಲಿಸ್‌ನ ಪ್ರಸಿದ್ಧ ರೇಸ್ ಟ್ರ್ಯಾಕ್ ಕಟ್ಟಿಸಿದವರಲ್ಲೂ ಈತನೇ ಮುಖ್ಯ. ಈತ ಹೇಳಿಕೊಳ್ಳುತ್ತಿದ್ದ ಒಂದು ಕಥೆ ಇದೆ. ಒಂದು ರಾತ್ರಿ ಗೆಳೆಯರ ಜೊತೆ ಊರಿಗೆ ವಾಪಸ್ ಬರುವಾಗ ಜೋರು ಮಳೆ, ಮೂರು ದಾರಿ ಸೇರುವಲ್ಲಿ ಯಾವ ಕಡೆ ತಿರುಗಬೇಕೋ ಗೊತ್ತಾಗಲಿಲ್ಲ. ಮೇಲೆ ಕಂಬದ ತುದಿಯಲ್ಲಿ ಏನೋ ಬೋರ್ಡು ಕಾಣಿಸಿತು. ಫಿಶರ್ ಆ ಮಳೆಯಲ್ಲೇ ಕಂಬ ಹತ್ತಿ, ಕಷ್ಟಪಟ್ಟು ಬೆಂಕಿಕಡ್ಡಿ ಗೀರಿ ನೋಡಿದರೆ ಅದು ಹೊಗೆಸೊಪ್ಪಿನ ಜಾಹೀರಾತು!

1912ರ ಸೆಪ್ಟೆಂಬರ್‌ನಲ್ಲಿ ಫಿಶರ್ ಕಾರು ಉದ್ಯಮದವರನ್ನೆಲ್ಲ ಊಟಕ್ಕೆ ಕರೆದು ತನ್ನ ಪ್ಲಾನು ಬಿಚ್ಚಿಟ್ಟ. ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾ ತನಕ ಜಲ್ಲಿ ಹಾಕಿದ ಒಂದೇ ರಸ್ತೆ. ಸಾಮಗ್ರಿಯ ಖರ್ಚು ಒಂದು ಕೋಟಿ ಡಾಲರ್, ಅದು ಉದ್ಯಮದ ಚಂದಾ. ಕೆಲಸಕ್ಕೆ ಆಳು-ಯಂತ್ರ ದಾರಿಯುದ್ದಕ್ಕೂ ಇರುವ ಊರಿನವರದು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಲಿದ್ದ ಪನಾಮಾ-ಪೆಸಿಫಿಕ್ ವಸ್ತುಪ್ರದರ್ಶನದ ಹೊತ್ತಿಗೆ ರಸ್ತೆ ರೆಡಿ. ಗುಡ್‌ಇಯರ್ ಟೈರಿನ ಫ್ರಾಂಕ್ ಸೈಬರ್ಲಿಂಗ್ ಅಲ್ಲೇ 3 ಲಕ್ಷ ಡಾಲರ್ ಕೊಡ್ತೀನಿ ಅಂದ. ಸ್ವಾರ್ಥ ಇರಲಿಲ್ವಾ ಅಂತ ನೀವು ಕೇಳಬಹುದು. ಧಾರಾಳವಾಗಿ ಇತ್ತು. ಲೈಟು ಮಾರೋನು, ಟೈರು ಮಾರೋನು, ಸಿಮೆಂಟು ಮಾರೋನು, ಎಲ್ಲರಿಗೂ ರಸ್ತೆ ಬಂದರೆ ವ್ಯಾಪಾರ. ಅದನ್ನು ಅವರೇನೂ ಮುಚ್ಚಿಡಲಿಲ್ಲ.

ಆದರೆ ಎಲ್ಲರಿಗಿಂತ ಹೆಚ್ಚು ಕಾರು ಮಾರುತ್ತಿದ್ದವನು ಮಾತ್ರ ಬರೋದಿಲ್ಲ ಅಂದ. ಹೆನ್ರಿ ಫೋರ್ಡ್. ಫಿಶರ್ ಎಷ್ಟು ಕೇಳಿಕೊಂಡರೂ ಜಗ್ಗಲಿಲ್ಲ. ಆತನ ವಾದ ಸರಳ: ಉದ್ಯಮಿಗಳು ಪುಕ್ಕಟೆ ರಸ್ತೆ ಹಾಕಿಕೊಡುತ್ತಾ ಹೋದರೆ ಜನ ಯಾವತ್ತೂ ರಸ್ತೆಗೆ ದುಡ್ಡು ಕೊಡೋದನ್ನು ಕಲಿಯೋದಿಲ್ಲ. ರಸ್ತೆ ಎಲ್ಲರದು, ತೆರಿಗೆ ದುಡ್ಡಿನಲ್ಲೇ ಆಗಬೇಕು.

ಈ ಇಡೀ ಕಥೆಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸೋದು ಫೋರ್ಡ್ ಹೇಳಿದ ಈ ‘ಇಲ್ಲ’. ಚಂದಾ ವಾಗ್ದಾನ 40 ಲಕ್ಷ ಡಾಲರ್ ಆಸುಪಾಸಿಗೆ ಬಂದು ಅಲ್ಲೇ ಕಚ್ಚಿಕೊಂಡಿತು. ಒಂದು ಕೋಟಿ ಯಾವತ್ತೂ ಆಗಲಿಲ್ಲ. ಫೋರ್ಡ್ ಸೇರಿದ್ದರೆ ಆಗುತ್ತಿತ್ತೋ ಏನೋ. ಆಗ ಆ ರಸ್ತೆ ಕೆಲವು ಕಂಪನಿಗಳ ಕೊಡುಗೆಯಾಗಿ ಉಳಿಯುತ್ತಿತ್ತು. ದುಡ್ಡು ಸಾಲದೇ ಹೋದದ್ದರಿಂದ ಫಿಶರ್ ಮತ್ತು ಗೆಳೆಯರು ಬೇರೆಯೇ ಕೆಲಸಕ್ಕೆ ಇಳಿಯಬೇಕಾಯಿತು.

ಮೊದಲಿಗೆ ಒಂದು ಹೆಸರು ಬೇಕಿತ್ತು. ಆ ದಿನಗಳಲ್ಲಿ ವಾಷಿಂಗ್ಟನ್‌ನಲ್ಲಿ ಅಬ್ರಹಾಂ ಲಿಂಕನ್ನನಿಗೆ 17 ಲಕ್ಷ ಡಾಲರಿನ ಅಮೃತಶಿಲೆಯ ಸ್ಮಾರಕ ಕಟ್ಟುವ ಮಾತು ನಡೆದಿತ್ತು. ಪ್ಯಾಕಾರ್ಡಿನ ಜಾಯ್‌ಗೆ ಅದು ಸರಿಬರಲಿಲ್ಲ. ಕಲ್ಲಿಗೆ ಸುರಿಯುವ ದುಡ್ಡನ್ನು ಲಿಂಕನ್ ಹೆಸರಿನ ರಸ್ತೆಗೆ ಹಾಕಿದರೆ ಅದಕ್ಕಿಂತ ಒಳ್ಳೆಯ ಸ್ಮಾರಕ ಇದೆಯಾ ಅಂತ ಆತನ ಪ್ರಶ್ನೆ. ಖಂಡ ದಾಟುವ ರೈಲುದಾರಿಯ ಕಾಯ್ದೆಗೆ 1862ರಲ್ಲಿ ಸಹಿ ಹಾಕಿದ್ದು ಲಿಂಕನ್ನೇ ಆದ್ದರಿಂದ ಹೆಸರು ಚೆನ್ನಾಗಿಯೇ ಹೊಂದಿತು. 1913ರ ಜುಲೈ 1ರಂದು ಡೆಟ್ರಾಯಿಟ್‌ನಲ್ಲಿ ಲಿಂಕನ್ ಹೈವೇ ಅಸೋಸಿಯೇಷನ್ ಹುಟ್ಟಿತು. ಜಾಯ್ ಅಧ್ಯಕ್ಷ, ಫಿಶರ್ ಉಪಾಧ್ಯಕ್ಷ. ಐದು ಡಾಲರ್ ಕೊಟ್ಟರೆ ಯಾರು ಬೇಕಾದರೂ ಸದಸ್ಯರು. ಒಂದನೇ ನಂಬರಿನ ಸರ್ಟಿಫಿಕೇಟು ಅಧ್ಯಕ್ಷ ವುಡ್ರೊ ವಿಲ್ಸನ್ನನದು.

ಹೆಸರಾಯಿತು, ಇನ್ನು ದಾರಿ. ಅದೇ ಜುಲೈ 1ರಂದು ಫಿಶರ್‌ನ ಬಳಗ 17 ಕಾರು, ಎರಡು ಟ್ರಕ್ಕು ಕಟ್ಟಿಕೊಂಡು ಇಂಡಿಯಾನಾಪೊಲಿಸ್‌ನಿಂದ ಪಶ್ಚಿಮಕ್ಕೆ ಹೊರಟಿತು. ಕ್ಯಾಲಿಫೋರ್ನಿಯಾ ಮುಟ್ಟೋದಕ್ಕೆ 34 ದಿನ. ರಸ್ತೆ ತಮ್ಮ ಊರಿನ ಮೇಲೆಯೇ ಹಾದುಹೋಗುತ್ತೆ ಅನ್ನೋ ಆಸೆಯಲ್ಲಿ ಜನ ದಾರಿಯುದ್ದಕ್ಕೂ ಹೊಂಡ ಮುಚ್ಚಿ, ಸೇತುವೆ ಸರಿಮಾಡಿ, ಮೆರವಣಿಗೆ ತೆಗೆದು, ಊಟ ಹಾಕಿ ಕಳಿಸಿದರು. ಕ್ಯಾನ್ಸಸ್, ಕೊಲರಾಡೊ ರಾಜ್ಯಗಳಿಗಂತೂ ಗ್ಯಾರಂಟಿ ತಮಗೇ ಅನ್ನೋ ನಂಬಿಕೆ. ಆದರೆ ನಕ್ಷೆ ಮೇಲೆ ಗೆರೆ ಎಳೆದವನು ಜಾಯ್. ಆತನಿಗೆ ಆದಷ್ಟೂ ನೇರವಾದ, ಗುಡ್ಡದ ತೊಂದರೆ ಕಡಿಮೆ ಇರುವ ದಾರಿ ಬೇಕಿತ್ತು. ಸೆಪ್ಟೆಂಬರ್‌ನಲ್ಲಿ ದಾರಿ ಪ್ರಕಟವಾದಾಗ ಕ್ಯಾನ್ಸಸ್ ಅದರಲ್ಲಿ ಇರಲೇ ಇಲ್ಲ. ಗಲಾಟೆ ಮಾಡಿದ ಕೊಲರಾಡೊಗೆ ಸಮಾಧಾನಕ್ಕೆ ಒಂದು ಸುತ್ತು ದಾರಿ ಕೊಟ್ಟು, 1915ರಲ್ಲಿ ಅದನ್ನೂ ಸದ್ದಿಲ್ಲದೆ ಅಳಿಸಿಬಿಟ್ಟರು.

ಒಟ್ಟು 3,389 ಮೈಲಿ, ಅಂದರೆ 5,450 ಕಿಲೋಮೀಟರ್. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಿಂದ ಸ್ಯಾನ್ ಫ್ರಾನ್ಸಿಸ್ಕೊದ ಲಿಂಕನ್ ಪಾರ್ಕ್ ತನಕ, 13 ರಾಜ್ಯ. ಅಕ್ಟೋಬರ್ 31ರ ರಾತ್ರಿ ದಾರಿಯ ಊರೂರಲ್ಲಿ ಬೆಂಕಿ ಹಚ್ಚಿ, ಪಟಾಕಿ ಹೊಡೆದು ಉದ್ಘಾಟನೆ ಮಾಡಿದರು. ಉದ್ಘಾಟನೆ ಯಾವುದಕ್ಕೆ ಅಂದರೆ, ಮೊದಲೇ ಇದ್ದ ಮಣ್ಣು ರಸ್ತೆಗಳಿಗೆ! ಹೊಸದಾಗಿ ಬಂದದ್ದು ಹೆಸರು, ನಕ್ಷೆ, ಮತ್ತೆ ಕಂಬಗಳ ಮೇಲೆ ಬಳಿದ ಕೆಂಪು-ಬಿಳಿ-ನೀಲಿ ಪಟ್ಟಿ, ಅದರ ನಡುವೆ ‘ಎಲ್’ ಅಕ್ಷರ. ಕಂಬದಿಂದ ಕಂಬಕ್ಕೆ ಬಣ್ಣ ನೋಡಿಕೊಂಡು ಹೋದರೆ ದಾರಿ ತಪ್ಪೋದಿಲ್ಲ. ಹೊಗೆಸೊಪ್ಪಿನ ಜಾಹೀರಾತಿಗೆ ಫಿಶರ್ ಕೊಟ್ಟ ಉತ್ತರ ಇದು ಅಂತ ನಾನು ಅಂದುಕೊಳ್ಳುತ್ತೇನೆ.

ಇನ್ನು ಕೆಸರಿಗೆ ಉತ್ತರ ಏನು? ಇಡೀ ರಸ್ತೆಗೆ ದುಡ್ಡಿಲ್ಲ. ಸಿಮೆಂಟ್ ಕಂಪನಿಗಳು ಸಿಮೆಂಟ್ ಕೊಡೋದಕ್ಕೆ ತಯಾರಿದ್ದವು. ಆಗ ಹುಟ್ಟಿದ್ದೇ ‘ಸಸಿ ಮೈಲಿ’ ಯೋಜನೆ. ಊರಿನಿಂದ ದೂರ, ಕೆಸರಿನ ರಸ್ತೆಯ ನಟ್ಟನಡುವೆ, ಒಂದೇ ಒಂದು ಮೈಲಿ ಕಾಂಕ್ರೀಟ್ ಹಾಕೋದು. ಮೊದಲನೆಯದು 1914ರಲ್ಲಿ ಇಲಿನಾಯ್‌ನ ಮಾಲ್ಟಾ ಅನ್ನೋ ಸಣ್ಣ ಊರಿನ ಹತ್ತಿರ ಬಂತು. ಆಮೇಲೆ ನೆಬ್ರಾಸ್ಕದಲ್ಲಿ, ಅಯೋವಾದಲ್ಲಿ. ಕೆಸರಿನಲ್ಲಿ ಏಳುತ್ತಾ ಬೀಳುತ್ತಾ ಬಂದ ಕಾರು ಇದ್ದಕ್ಕಿದ್ದ ಹಾಗೆ ನುಣ್ಣಗೆ ಜಾರಿಕೊಂಡು ಹೋಗೋದಕ್ಕೆ ಶುರುವಾಗುತ್ತೆ. ಮೂರ್ನಾಲ್ಕು ನಿಮಿಷದ ಸ್ವರ್ಗ. ಮೈಲಿ ಮುಗಿದ ಕೂಡಲೇ ಧೊಪ್ ಅಂತ ಮತ್ತೆ ಕೆಸರಿಗೆ. ಆ ಧೊಪ್ ಅನ್ನೋದರಲ್ಲೇ ಇಡೀ ಯೋಜನೆಯ ಗುಟ್ಟಿತ್ತು. ಅದನ್ನು ಅನುಭವಿಸಿದ ರೈತ, ವ್ಯಾಪಾರಿ, ಡಾಕ್ಟರು ಊರಿಗೆ ಹೋಗಿ ನಮಗೂ ಅಂಥದ್ದು ಬೇಕು ಅನ್ನಬೇಕು, ಅದಕ್ಕೆ ತೆರಿಗೆ ಕೊಡ್ತೀವಿ ಅಂತ ಓಟು ಹಾಕಬೇಕು. ನಮ್ಮ ಆಫೀಸುಗಳಲ್ಲಿ ಈಗ ‘ಫ್ರೀ ಟ್ರಯಲ್’ ಅಂತೀವಲ್ಲ, ಅದೇ. ಫೋರ್ಡ್ ದೂರ ನಿಂತು ಹೇಳಿದ್ದನ್ನು, ಅಂದರೆ ಜನರೇ ದುಡ್ಡು ಕೊಡಬೇಕು ಅನ್ನೋದನ್ನು, ಫಿಶರ್-ಜಾಯ್ ಬಳಗ ಕೈ ಕೆಸರು ಮಾಡಿಕೊಂಡು ಸಾಧಿಸಹೊರಟಿತ್ತು.

ಇಷ್ಟೆಲ್ಲ ಆದರೂ ರಸ್ತೆ ಹೇಗಿತ್ತು ಅನ್ನೋದು ಸಂಘವೇ 1916ರಲ್ಲಿ ಛಾಪಿಸಿದ ಗೈಡಿನಿಂದ ಗೊತ್ತಾಗುತ್ತೆ. ದೇಶ ದಾಟೋದಕ್ಕೆ 20ರಿಂದ 30 ದಿನ, ದಿನಕ್ಕೆ ಕಾರೊಂದಕ್ಕೆ ಸುಮಾರು ಐದು ಡಾಲರ್ ಖರ್ಚು. ಜೊತೆಗೆ ಸಲಿಕೆ, ಕೊಡಲಿ, ಜಾಕು, ಟೈರಿಗೆ ಕಟ್ಟುವ ಚೈನು, ಸ್ಪೇರ್ ಟೈರು-ಟ್ಯೂಬು ಇರಲಿ. ಪೆಟ್ರೋಲ್ ಎಲ್ಲಿ ಕಂಡರೆ ಅಲ್ಲಿ ತುಂಬಿಸಿಕೊಳ್ಳಿ. ಹಳ್ಳ ದಾಟುವ ಮುಂಚೆ ಇಳಿದು ನಡೆದು ಆಳ ನೋಡಿ. ಹೊಸ ಶೂ ಹಾಕಿಕೊಂಡು ಹೊರಡಬೇಡಿ. ನನಗೆ ಇಷ್ಟವಾದದ್ದು ಯೂಟಾ ಮರುಭೂಮಿಯ ಫಿಶ್ ಸ್ಪ್ರಿಂಗ್ಸ್ ಅನ್ನೋ ಜಾಗದ ಸಲಹೆ: ಕಾರು ಹೂತುಕೊಂಡರೆ ಅಲ್ಲಿನ ಕುರುಚಲು ಗಿಡ ಒಟ್ಟಿ ಬೆಂಕಿ ಹಚ್ಚಿ, ಥಾಮಸ್ ಅನ್ನೋರು 20 ಮೈಲಿ ದೂರದಿಂದಲೇ ನೋಡಿ ಕುದುರೆ ಕಟ್ಟಿಕೊಂಡು ಬರುತ್ತಾರೆ. ಈ ಥಾಮಸ್ ಎಳೆದುಕೊಡೋದಕ್ಕೆ ಚಾರ್ಜು ಮಾಡುತ್ತಿದ್ದ. ಧಂದೆ ಕಡಿಮೆಯಾದಾಗ ಆತನೇ ರಸ್ತೆಗೆ ನೀರು ಹರಿಸುತ್ತಿದ್ದ ಅಂತಲೂ ಒಂದು ಕಥೆ ಇದೆ.

ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜುಲೈ 7ರಂದು, ಅಮೆರಿಕದ ಸೇನೆ ತನ್ನ ಟ್ರಕ್ಕುಗಳನ್ನು ಪರೀಕ್ಷೆ ಮಾಡೋದಕ್ಕೆ ವಾಷಿಂಗ್ಟನ್‌ನಿಂದ ಒಂದು ದಂಡು ಹೊರಡಿಸಿತು. 81 ವಾಹನ, ಸುಮಾರು 300 ಜನ. ಗೆಟ್ಟಿಸ್‌ಬರ್ಗ್‌ನಿಂದ ಮುಂದಕ್ಕೆ ಲಿಂಕನ್ ಹೈವೇ, ಮುಂದೆ ದಾರಿ ತೋರಿಸೋದಕ್ಕೆ ಸಂಘದ ಹೆನ್ರಿ ಆಸ್ಟರ್‌ಮನ್. ಟ್ರಕ್ಕಿನ ಭಾರಕ್ಕೆ ಹಳ್ಳಿಯ ಮರದ ಸೇತುವೆಗಳು ಮುರಿದು ಬಿದ್ದವು, ಸೈನಿಕರು ಹಿಂದೆಯೇ ಕಟ್ಟಿಕೊಟ್ಟರು. ನೆಬ್ರಾಸ್ಕದ ಮರಳಲ್ಲಿ, ಯೂಟಾದ ಉಪ್ಪು ನೆಲದಲ್ಲಿ ಟ್ರಕ್ಕುಗಳನ್ನು ಜನರೇ ತಳ್ಳಿದರು. ಗಂಟೆಗೆ ಸರಾಸರಿ ಆರು ಮೈಲಿ. ಸ್ಯಾನ್ ಫ್ರಾನ್ಸಿಸ್ಕೊ ತಲುಪಿದಾಗ ಸೆಪ್ಟೆಂಬರ್ 6. ಎರಡು ತಿಂಗಳು! ಯುದ್ಧಕ್ಕೆ ಕಳಿಸಲಿಲ್ಲ ಅಂತ ಬೇಜಾರಿನಲ್ಲಿದ್ದ 28 ವರ್ಷದ ಒಬ್ಬ ಲೆಫ್ಟಿನೆಂಟ್ ಕರ್ನಲ್ ವೀಕ್ಷಕನಾಗಿ ಈ ದಂಡಿನ ಜೊತೆ ಹೋಗಿದ್ದ. ಹೆಸರು ಡ್ವೈಟ್ ಐಸೆನ್‌ಹೋವರ್. 1956ರಲ್ಲಿ, ಅಧ್ಯಕ್ಷನಾಗಿ, 41,000 ಮೈಲಿ ಇಂಟರ್‌ಸ್ಟೇಟ್ ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದ್ದು ಈತನೇ. ಎರಡನೇ ಯುದ್ಧದಲ್ಲಿ ಕಂಡ ಜರ್ಮನಿಯ ಆಟೊಬಾನ್ ಜೊತೆಗೆ ಈ ಎರಡು ತಿಂಗಳ ಕೆಸರೂ ತನ್ನ ಮನಸ್ಸಿನಲ್ಲಿತ್ತು ಅಂತ ಆತನೇ ಬರೆದುಕೊಂಡಿದ್ದಾನೆ.

ಸಸಿ ನಿಧಾನಕ್ಕೆ ಮರವಾಯಿತು. ಕೇಂದ್ರ ಸರ್ಕಾರ ರಾಜ್ಯಗಳ ರಸ್ತೆಗೆ ದುಡ್ಡು ಕೊಡುವ ಕಾಯ್ದೆ 1916ರಲ್ಲಿ ಬಂತು. 1921ರಲ್ಲಿ ಇನ್ನೊಂದು ಬಂತು: ಪ್ರತಿ ರಾಜ್ಯವೂ ತನ್ನ ರಸ್ತೆಗಳಲ್ಲಿ ಮುಖ್ಯವಾದ ನೂರಕ್ಕೆ ಏಳು ಭಾಗವನ್ನು ಆರಿಸಬೇಕು, ಕೇಂದ್ರದ ದುಡ್ಡು ಅವಕ್ಕೆ ಮಾತ್ರ. ಫಿಶರ್, ಜಾಯ್, ಸೈಬರ್ಲಿಂಗ್ ಇಷ್ಟು ವರ್ಷ ಬಯಸಿದ್ದು ಇದನ್ನೇ. ತಮಾಷೆ ಅಂದರೆ, ಅದು ಸಿಕ್ಕ ಕೂಡಲೇ ಅವರ ಕೈಯಿಂದ ಅವರ ರಸ್ತೆ ಜಾರಿಹೋಯಿತು.

ಯೂಟಾದ ಕಥೆ ನೋಡಿ. ಸಾಲ್ಟ್ ಲೇಕ್ ಸಿಟಿಯ ಪಶ್ಚಿಮಕ್ಕಿರುವ ಮರುಭೂಮಿಯಲ್ಲಿ ಸುತ್ತುದಾರಿ ತಪ್ಪಿಸುವ ಒಂದು ಒಳದಾರಿಗೆ ಗುಡ್‌ಇಯರ್ ದುಡ್ಡು ಕೊಟ್ಟಿತ್ತು. ಗುಡ್ಡದ ದಾರಿ ಸರಿಮಾಡಿಸೋದಕ್ಕೆ ಫಿಶರ್ ತನ್ನ ಜೇಬಿನಿಂದ 25,000 ಡಾಲರ್ ಕೊಟ್ಟಿದ್ದ. ರಾಜ್ಯ ಸರ್ಕಾರ ಆ ಒಳದಾರಿಯ ಕೆಲಸ ಶುರುಮಾಡಿ ಅರ್ಧಕ್ಕೇ ಬಿಟ್ಟುಬಿಟ್ಟಿತು. ಯಾಕಂದರೆ ಲೆಕ್ಕ ಬೇರೆ ಇತ್ತು. ಲಿಂಕನ್ ಹೈವೇಯಲ್ಲಿ ಹೋದರೆ ಲಾಸ್ ಏಂಜಲೀಸ್‌ಗೆ ಹೋಗುವವರೂ ಬೇಗ ನೆವಾಡಕ್ಕೆ ದಾಟಿ, ಅಲ್ಲಿಂದ ದಕ್ಷಿಣಕ್ಕೆ ತಿರುಗುತ್ತಾರೆ. ಯೂಟಾಗೆ ಏನು ಲಾಭ? ಅದರ ಬದಲು ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರಿಗೆ ಉತ್ತರದ ವೆಂಡೋವರ್ ಕಡೆಗೆ ರಸ್ತೆ ಮಾಡಿದರೆ, ಲಾಸ್ ಏಂಜಲೀಸ್‌ನವರು ಯೂಟಾದ ಉದ್ದಕ್ಕೂ ಕೆಳಗಿಳಿದು ಹೋಗಬೇಕು, ರಾಜ್ಯದ ಹೋಟೆಲು, ಗ್ಯಾರೇಜುಗಳಿಗೆ ನಾಲ್ಕು ಕಾಸು. ಸಂಘದವರು ಕೂಗಾಡಿದರು, ದೂರು ಕೊಟ್ಟರು. ಆದರೆ ದುಡ್ಡು ಈಗ ಸರ್ಕಾರದ್ದು, ಆಯ್ಕೆ ರಾಜ್ಯದ್ದು. 1925ರಲ್ಲಿ ವೆಂಡೋವರ್ ರಸ್ತೆ ತೆರೆಯಿತು. 1927ರಲ್ಲಿ ಸಂಘವೂ ಬಾಯಿ ಮುಚ್ಚಿಕೊಂಡು ಅದನ್ನೇ ತನ್ನ ನಕ್ಷೆಗೆ ಸೇರಿಸಿಕೊಂಡಿತು. ಫಿಶ್ ಸ್ಪ್ರಿಂಗ್ಸ್ ಕಡೆ ಕಾರುಗಳು ಬರೋದು ನಿಂತಿತು.

ದುಡ್ಡು ಕೊಟ್ಟವರದೇ ದಾರಿ ಅನ್ನೋದು ಇಲ್ಲಿ ಎರಡು ಸಲ ನಿಜವಾಗಿದೆ. 1913ರಲ್ಲಿ ಕಂಪನಿ ಯಜಮಾನರು ದುಡ್ಡು ಹಾಕಿದಾಗ ಕ್ಯಾನ್ಸಸ್‌ನ ಜನ ಕೇಳೋ ಹಾಗಿರಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಸರ್ಕಾರ ದುಡ್ಡು ಹಾಕಿದಾಗ ಕಂಪನಿ ಯಜಮಾನರು ಕೇಳೋ ಹಾಗಿರಲಿಲ್ಲ. ಎರಡನೆಯದೇ ವಾಸಿ ಅಂತ ನನ್ನ ಅಭಿಪ್ರಾಯ. ಯೂಟಾದ ಲೆಕ್ಕಾಚಾರ ಸ್ವಾರ್ಥದ್ದೇ ಇರಬಹುದು, ಆದರೆ ಆ ಸ್ವಾರ್ಥಿಗಳನ್ನು ಮುಂದಿನ ಚುನಾವಣೆಯಲ್ಲಿ ಇಳಿಸಬಹುದಿತ್ತು. ಜಾಯ್‌ನನ್ನು ಇಳಿಸೋದಕ್ಕೆ ಕ್ಯಾನ್ಸಸ್ ಜನರ ಹತ್ತಿರ ಯಾವ ಓಟೂ ಇರಲಿಲ್ಲ.

ಕೊನೆಯ ಪೆಟ್ಟು ಹೆಸರಿಗೆ ಬಿತ್ತು. ಲಿಂಕನ್ ಹೈವೇಯನ್ನು ನೋಡಿ ಹೆಸರಿಟ್ಟ ಹೆದ್ದಾರಿಗಳು ಅಣಬೆ ಥರ ಎದ್ದಿದ್ದವು. ಫಿಶರ್‌ನದೇ ಇನ್ನೊಂದು ಡಿಕ್ಸಿ ಹೈವೇ ಇತ್ತು. ಒಂದೇ ಕಂಬದ ಮೇಲೆ ನಾಲ್ಕಾರು ಸಂಘಗಳ ಬಣ್ಣ. ಅದಕ್ಕೇ 1925ರಲ್ಲಿ ಸರ್ಕಾರದ ಎಂಜಿನಿಯರುಗಳು ಹೆಸರು ಬೇಡ, ನಂಬರ್ ಸಾಕು ಅಂತ ತೀರ್ಮಾನಿಸಿದರು. 1926ರ ನವೆಂಬರ್‌ನಲ್ಲಿ ನಂಬರುಗಳು ಜಾರಿಗೆ ಬಂದವು. ಇಡೀ ಲಿಂಕನ್ ಹೈವೇಗೆ ಒಂದೇ ನಂಬರ್ ಸಿಕ್ಕೀತು ಅನ್ನೋ ಸಂಘದ ಆಸೆಯೂ ಈಡೇರಲಿಲ್ಲ. ಪೂರ್ವದಲ್ಲಿ ಸ್ವಲ್ಪ ಯು.ಎಸ್. 1, ನಡುವೆ ಬಹುಪಾಲು ಯು.ಎಸ್. 30, ಪಶ್ಚಿಮದಲ್ಲಿ 40, 50 ಅಂತ ತುಂಡುತುಂಡು.

1927ರ ಕೊನೆಗೆ ಸಂಘ ಬಾಗಿಲು ಹಾಕಿತು. ಹೋಗುವ ಮುಂಚೆ ಒಂದು ಏರ್ಪಾಡು ಮಾಡಿತ್ತು. ಲಿಂಕನ್ನನ ಮುಖದ ಕಂಚಿನ ಬಿಲ್ಲೆ ಕೂರಿಸಿದ ಸುಮಾರು 3,000 ಕಾಂಕ್ರೀಟ್ ಕಂಬಗಳು. 1928ರ ಸೆಪ್ಟೆಂಬರ್ 1ರಂದು ದೇಶದುದ್ದಕ್ಕೂ ಬಾಯ್ ಸ್ಕೌಟ್ ಹುಡುಗರು ಆ ಕಂಬಗಳನ್ನು ನೆಟ್ಟರು. ಅಷ್ಟು ಹೊತ್ತಿಗೆ ಆ ರಸ್ತೆಗೆ ಆ ಹೆಸರು ಅಧಿಕೃತವಾಗಿ ಇರಲೇ ಇಲ್ಲ. ಮುಂದೆ ರಸ್ತೆ ಅಗಲ ಮಾಡುವಾಗ ಎಷ್ಟೋ ಕಂಬಗಳು ಕಿತ್ತುಹೋದವು. ಆಮೇಲೆ ಬಂದ ಇಂಟರ್‌ಸ್ಟೇಟ್ 80 ಹಳೆಯ ಊರುಗಳನ್ನು ಪಕ್ಕಕ್ಕೆ ಬಿಟ್ಟು ನೇರವಾಗಿ ಹೋಯಿತು. ಮೊದಲು ಕಾರುಗಳನ್ನು ಕಂಡು ಹಿಗ್ಗಿದ್ದ ಎಷ್ಟೋ ಊರುಗಳ ಮೋಟೆಲು, ಪೆಟ್ರೋಲ್ ಬಂಕುಗಳಿಗೆ ಗಿರಾಕಿ ಇಲ್ಲದಂತಾಯಿತು. 1992ರಲ್ಲಿ ಹಳೆಯ ಹೆಸರಿನಲ್ಲೇ ಹೊಸ ಸಂಘ ಹುಟ್ಟಿದೆ. ಉಳಿದ ತುಂಡುಗಳನ್ನು ಹುಡುಕಿ ಕಾಪಾಡೋದು ಅದರ ಕೆಲಸ.

ನಮ್ಮವರಿಗೂ ಈ ರಸ್ತೆ ಅಪರಿಚಿತವೇನಲ್ಲ, ಹೆಸರು ಗಮನಿಸಿರೋದಿಲ್ಲ ಅಷ್ಟೇ. ಕ್ಯಾಲಿಫೋರ್ನಿಯಾದ ಟ್ರೇಸಿ, ಲಿವರ್‌ಮೋರ್, ಡಬ್ಲಿನ್, ಹೇವರ್ಡ್ ಕಡೆ ಮನೆ ಮಾಡಿರುವ ನಿಮ್ಮ ಕಸಿನ್‌ಗಳೋ ಫ್ರೆಂಡ್‌ಗಳೋ ಓಡಾಡೋದು 1913ರ ಮೊದಲ ದಾರಿಯ ಆಸುಪಾಸಿನಲ್ಲೇ. ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಪ್ರಾಜೆಕ್ಟ್ ಮೇಲೆ ಇದ್ದ ಆರು ತಿಂಗಳು ನಾನಂತೂ ದಿನಾ ಈ ರಸ್ತೆಯ ಮೇಲೇ ಓಡಾಡಿದ್ದೇನೆ. ಕಾಗದದಲ್ಲಿ ಅದು ರೂಟ್ 27, ಅಂಗಡಿಗಳ ವಿಳಾಸದಲ್ಲಿ ಇವತ್ತಿಗೂ ಲಿಂಕನ್ ಹೈವೇ. ಓಕ್ ಟ್ರೀ ರಸ್ತೆಯಲ್ಲಿ ಇಡ್ಲಿ-ವಡೆ ಮುಗಿಸಿ ಅಲ್ಲಿಗೆ ಬಂದರೆ ಒಂದು ಕಡೆಗೆ ಟೈಮ್ಸ್ ಸ್ಕ್ವೇರು, ಮುಕ್ಕಾಲು ಗಂಟೆಯ ದಾರಿ. ಇನ್ನೊಂದು ಕಡೆಗೆ ತಿರುಗಿ ಹಳೆಯ ಗೈಡಿನಲ್ಲಿ ಹೇಳಿದ ಹಾಗೆ ಹೋಗುತ್ತಲೇ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ. ಈಗ ಸಲಿಕೆ, ಕೊಡಲಿ ಬೇಕಾಗಿಲ್ಲ.